ನೆರಳುನಾಡು ಮುಗಿಸಿದ್ದು

ಹಿತಕಿದ ಅವರೆಬೇಳೆ ಅರ್ಧ ಪಾತ್ರೆ ತುಂಬಿತ್ತು, ಸೇನಾಪತಿ ವಜ್ರಬಾಹು ಇನ್ನೂ ಮೆಟ್ಟಿಲು ಹತ್ತುತ್ತಲೇ ಇದ್ದ. ನಾವು ಕಾಳು ನೆನೆಹಾಕಿದ್ದು ಹಿಂದಿನ ದಿನ. ಅವನು ಹತ್ತಲು ಶುರು ಮಾಡಿದ್ದು ಹಿಂದಿನ ಸಂಪುಟದಲ್ಲಿ, ಅಂದರೆ ಎರಡು ವರ್ಷದ ಕೆಳಗೆ. ನನ್ನ ಮನೆಯ ಜಗಲಿಯ ಮೇಲೆ ಮೂವರು ಕೂತಿದ್ದೆವು. ಪಕ್ಕದ ಮನೆಯ ಕೆಂಪದೇವಮ್ಮನೂ ನಾನೂ ಕಾಳನ್ನು ಎರಡು ಬೆರಳ ನಡುವೆ ಒತ್ತಿ ಸಿಪ್ಪೆ ಬಿಡಿಸುತ್ತಿದ್ದರೆ, ಬಳೆ ಮಾರುವ ಮಾಬೂಬಿ ಕಂಬಕ್ಕೆ ಒರಗಿ 'ನೆರಳುನಾಡು' ಕಾದಂಬರಿಯ ಹದಿಮೂರನೆಯ ಸಂಪುಟವನ್ನು ಗಟ್ಟಿಯಾಗಿ ಓದುತ್ತಿದ್ದಳು.

"'ನೂರ ನಾಲ್ಕನೆಯ ಮೆಟ್ಟಿಲ ಮೇಲೆ ಅವನ ಪಾದರಕ್ಷೆಯ ಸದ್ದು ಬೇರೆಯಾಗಿ ಕೇಳಿಸಿತು. ಆ ಮೆಟ್ಟಿಲನ್ನು ಕಡೆದ ಶಿಲ್ಪಿಯ ವಂಶದ ವೃತ್ತಾಂತವನ್ನು ಈಗ ಹೇಳಬೇಕು,'" ಎಂದು ಓದಿ ಮಾಬೂಬಿ ಉಸಿರು ತೆಗೆದುಕೊಂಡಳು.

"ಹೇಳ್‌ಬ್ಯಾಡ ಅನ್ನು ಅವ್ನಿಗೆ," ಅಂದಳು ಕೆಂಪದೇವಮ್ಮ.

"ನಾನೆಂಗಕ್ಕ ಅನ್ಲಿ, ಬರ್ದಾಗೈತೆ."

"ಎಷ್ಟು ಪುಟ ಐತೆ ಆ ಕಲ್ಲುಕುಟಿಗನ ವಂಶ?"

ಮಾಬೂಬಿ ಬೆರಳಿಗೆ ಎಂಜಲು ಹಚ್ಚಿ ಹಾಳೆ ಮಗುಚಿ ನೋಡಿದಳು. "ನಲವತ್ತು."

"ಅವರೆಕಾಯಿ ಕಾಲ ಮುಗ್ದೋಯ್ತದೆ, ಬುಡು."

ನಾನು ಇನ್ನೊಂದು ಹಿಡಿ ಕಾಳು ತೆಗೆದುಕೊಂಡೆ. ಊರಿನಲ್ಲಿ ತಾಳ್ಮೆಗೆ ನನ್ನ ಹೆಸರನ್ನೇ ಹೇಳುತ್ತಾರೆ. ಹಾಲು ಕೆನೆಗಟ್ಟುವುದನ್ನು ಕಾಯುವ ಸೊಸೆಯಂದಿರಿಗೆ, 'ಚಿಕ್ಕತಾಯಮ್ಮನ ಥರ ಕೂತ್ಕೋ' ಅನ್ನುವುದುಂಟು.

ನಮ್ಮೂರಿನಿಂದ ಆಚೆಗೆ ಹೋಗಬೇಕಾದರೆ ಹೊಳೆ ದಾಟಬೇಕು, ಹೊಳೆ ದಾಟಬೇಕಾದರೆ ಅಂಬಿಗರ ತಿರುಮಲಯ್ಯನ ಹರಿಗೋಲು ಹತ್ತಬೇಕು. ಅರ್ಧ ಕಥೆ ಹೊತ್ತವರನ್ನು ಹರಿಗೋಲು ದಾಟಿಸುವುದಿಲ್ಲ. ಬೀಸುವ ಕಲ್ಲಿನ ಹಾಗೆ ಸುತ್ತಿ ಸುತ್ತಿ ಹತ್ತಿದ ದಡಕ್ಕೇ ತಂದು ಬಿಡುತ್ತದೆ. ಅಂಥವರು ಬರೆದ ಕಾಗದವನ್ನೂ ಅಷ್ಟೇ, ಅದರಲ್ಲಿ ಏನೇ ಬರೆದಿರಲಿ. ಆಚೆಯಿಂದ ಈಚೆಗೆ ಬರುವವರಿಗೆ ಮಾತ್ರ ಈ ತಕರಾರಿಲ್ಲ. ಅದಕ್ಕೇ ನಮ್ಮಲ್ಲಿ ಏನು ಹೇಳಿದರೂ ಕೊನೆಯನ್ನು ಮೊದಲು ಹೇಳುತ್ತಾರೆ. ಮಕ್ಕಳನ್ನು ತಟ್ಟುವಾಗ, 'ರಾಜ ರಾಣಿ ಸುಖವಾಗಿದ್ರು, ಯಾಕಂದ್ರೆ ಹುಲಿ ಸತ್ತೋಗಿತ್ತು, ಹುಲಿ ಯಾಕ್ ಸತ್ತಿತ್ತು ಅಂದ್ರೆ' ಎಂದು ಹಿಂದಕ್ಕೆ ಹೋಗುತ್ತೇವೆ. ಮಗು ಎಲ್ಲಿ ನಿದ್ದೆ ಹೋದರೂ ನಷ್ಟವಿಲ್ಲ. ನಲ್ಲಿಯ ಹತ್ತಿರ ಚಾಡಿ ಹೇಳುವವರೂ 'ಕೊನೆಗೆ ಸೊಸೇನೇ ಗೆದ್ಲು' ಎಂದೇ ಶುರು ಮಾಡುವುದು. ಟೆಂಟ್ ಸಿನಿಮಾದಲ್ಲಿ ಆಟ ಶುರುವಾದ ಮೇಲೆ ಹೊರಗಿನಿಂದ ಚಿಲಕ ಹಾಕುತ್ತಾರೆ. ಹೆಣ್ಣು ನೋಡಲು ಬಂದವರು ಜಾತಕ ಕೇಳುವ ಮೊದಲು ಹುಡುಗಿ ಯಾವುದಾದರೂ ಕಥೆ ಬಾಕಿ ಇಟ್ಟುಕೊಂಡಿದ್ದಾಳೋ ಎಂದು ವಿಚಾರಿಸುತ್ತಾರೆ. ಪುಸ್ತಕವಂತೂ ಕೊನೆಯ ಪುಟ ನೋಡದೆ ಯಾರೂ ಮೊದಲ ಪುಟ ತೆರೆಯುವುದಿಲ್ಲ.

ಶಾಂತವೀರಪ್ಪ ಮೇಷ್ಟ್ರೂ ನೋಡಿಯೇ ತಂದಿದ್ದರು. ಅವರು ನಮ್ಮ ರಾತ್ರಿ ಶಾಲೆಯ ಮೇಷ್ಟ್ರು. ನಾನು ಐವತ್ತೆರಡನೆಯ ವಯಸ್ಸಿನಲ್ಲಿ ಅವರ ಶಾಲೆಗೆ ಸೇರಿದೆ. ಎಣ್ಣೆ ಗಾಣದ ಹಿಂದಿನ ಕೋಣೆಯಲ್ಲಿ ಹನ್ನೊಂದು ಜನ ಹೆಂಗಸರು, ಹನ್ನೊಂದು ಸ್ಲೇಟು. ನಾನೇ ಎಲ್ಲರಿಗಿಂತ ನಿಧಾನ, 'ಅ' ಬರೆಯಲು ಆರು ತಿಂಗಳು ತೆಗೆದುಕೊಂಡೆ. ಎರಡು ವರ್ಷ ಕಳೆದು ಎಲ್ಲರಿಗೂ ಓದಲು ಬಂದಾಗ, ದಪ್ಪಕ್ಷರದ ದೊಡ್ಡ ಪುಸ್ತಕವೊಂದು ಬೇಕು ಎಂದು ಮೇಷ್ಟ್ರು ಆಚೆ ದಡದ ಅಂಗಡಿಗೆ ಹೋಗಿ 'ನೆರಳುನಾಡು' ತಂದರು. ಕೊನೆಯ ಪುಟದಲ್ಲಿ ಚಪ್ಪರವಿತ್ತು, ವಾಲಗವಿತ್ತು, ರಾಜಕುಮಾರಿ ಮಂದಾಕಿನಿ ಹಾರ ಹಿಡಿದು ಕೈ ಎತ್ತಿದ್ದಳು. ಕಥೆ ಮದುವೆಗೆ ಬಂತು ಅಂದರೆ ಮುಗಿಯಿತು ಎಂದೇ ನಮ್ಮೂರಿನವರ ಲೆಕ್ಕ. ಮೇಷ್ಟ್ರು ಒಪ್ಪಿಕೊಂಡು ಕೊಂಡರು. ನಾವು ಓದಿದೆವು. ಓದಿ ಮುಗಿಸಿದ ಮೇಲೆ ಗೊತ್ತಾಯಿತು, ಅವಳು ಕೈ ಎತ್ತಿದ್ದಾಳೆಯೇ ಹೊರತು ಹಾರ ಹಾಕಿಲ್ಲ. ಎರಡನೆಯ ಸಂಪುಟ ಬಂತು. ಅದರಲ್ಲಿ ಚಪ್ಪರಕ್ಕೆ ಬಂದ ನಲವತ್ತೆರಡು ಸಾಮಂತರ ಬಾವುಟಗಳ ವರ್ಣನೆಯಿತ್ತು. ಅವಳ ಕೈ ಹಾಗೇ ಇತ್ತು.

ಅದಾಗಿ ಇಪ್ಪತ್ತೊಂದು ವರ್ಷ. ಹೊಸ ಸಂಪುಟ ಬಂದಾಗಲೆಲ್ಲ ನಾವು ಗಾಣದ ಕೋಣೆಯಲ್ಲಿ ಸೇರುತ್ತಿದ್ದೆವು. ಮೇಷ್ಟ್ರು ಕನ್ನಡಕ ಒರೆಸಿಕೊಂಡು ಕೊನೆಯ ಪುಟ ತೆರೆದು, ಓದಿ, ತಲೆ ಅಲ್ಲಾಡಿಸುತ್ತಿದ್ದರು. ನಾಲ್ಕನೆಯ ಸಂಪುಟ ಇಡೀ ಒಂದು ಊಟ, ಪಾಯಸ ಬರುವಷ್ಟರಲ್ಲಿ ಹಾಳೆ ಮುಗಿಯಿತು. ವಾಯುವೇಗ ಎಂಬ ಕುದುರೆಯೊಂದಿದೆ, ಅದು ಐದು ಸಂಪುಟದಿಂದ ಲಾಯ ಬಿಟ್ಟು ಹೊರಗೆ ಬಂದಿಲ್ಲ. ತಮೋಕೇತು ಎಂಬ ನೆರಳಿನ ದೊರೆ ಬರುತ್ತಾನೆ, ಬರುತ್ತಾನೆ ಎಂದು ಮೊದಲ ಸಂಪುಟದಿಂದ ಎಲ್ಲರೂ ನಡುಗುತ್ತಿದ್ದಾರೆ. ನಡುಗಿ ನಡುಗಿ ನಮಗೇ ಸುಸ್ತಾಯಿತು.

ಅರ್ಧ ಕಥೆ ಹೊತ್ತು ಊರಲ್ಲೇ ಸಿಕ್ಕಿಕೊಂಡ ನಾವು ಹೇಗೋ ಹೊಂದಿಕೊಂಡೆವು. ಮಾಬೂಬಿ ಆಚೆಯ ಸಂತೆಗೆ ಹೋಗಿ ಬಳೆ ಆರಿಸಿ ತರುವಂತಿರಲಿಲ್ಲ. ಅಲ್ಲಿಯ ಸೇಠು ಯಾರೂ ಕೊಳ್ಳದ ಬಣ್ಣದ್ದನ್ನೇ ಕಟ್ಟಿ ಕಳಿಸುತ್ತಿದ್ದ. ಹಾಗಾಗಿ ನಮ್ಮೂರಿನ ಹೆಂಗಸರೆಲ್ಲ ಇಪ್ಪತ್ತೊಂದು ವರ್ಷದಿಂದ ಬೂದುಬಣ್ಣದ ಬಳೆ ತೊಟ್ಟಿದ್ದೇವೆ. ಮದುಮಕ್ಕಳೂ ಅದನ್ನೇ ತೊಡುತ್ತಾರೆ, ಈಗ ಅದು ಶಾಸ್ತ್ರವೇ ಆಗಿಹೋಗಿದೆ. ಕೆಂಪದೇವಮ್ಮನಿಗೆ ಮಾತ್ರ ಖುಷಿ. ಆಚೆಯಲ್ಲಿರುವ ಬೀಗರ ಮುಖ ನೋಡುವುದು ಅವಳಿಗೆ ಬೇಕಿರಲಿಲ್ಲ, 'ಕಥೆ ಬಾಕಿ ಐತೆ' ಎಂದು ಹೇಳಿ ಕಳಿಸುತ್ತಿದ್ದಳು. ಆದರೆ ನಮ್ಮ ತರಗತಿಯ ಸಿದ್ದಾಜಮ್ಮ ಎಂಟನೆಯ ಸಂಪುಟದ ಹೊತ್ತಿಗೆ ಕಾಯಿಲೆ ಬಿದ್ದಳು. ಕೊನೆಯ ದಿನ ನಾನು ಅವಳ ಹತ್ತಿರ ಕೂತಿದ್ದೆ. 'ಹಾರ ಹಾಕಿದ್ಲಾ?' ಎಂದು ಕೇಳಿದಳು. ನಾನು ಸುಳ್ಳು ಹೇಳಲಿಲ್ಲ. ಹೇಳಬೇಕಿತ್ತು ಎಂದು ಈಗಲೂ ಅನ್ನಿಸುತ್ತದೆ. ಅವಳ ಹಿಂದೆ ಇನ್ನೊಬ್ಬಳೂ ಹೋದಳು, ನಾವು ಒಂಬತ್ತು ಜನ ಉಳಿದೆವು.

ನನಗೆ ಬೇಕಿದ್ದುದು ಏಳನೆಯ ತರಗತಿಯ ಪರೀಕ್ಷೆ. ಅದು ನಡೆಯುವುದು ಆಚೆ ದಡದ ಪಟ್ಟಣದಲ್ಲಿ. ರಾತ್ರಿ ಶಾಲೆಯವರು ಅದಕ್ಕೆ ಕೂರಬೇಕಾದರೆ ಸ್ವಂತ ಕೈಯಲ್ಲಿ ಕಾಗದ ಬರೆದು ಕೇಳಿಕೊಳ್ಳಬೇಕು. ಐವತ್ತು ವರ್ಷ ಹೆಬ್ಬೆಟ್ಟು ಒತ್ತಿದ ಕೈ ನನ್ನದು. ಗಂಡನ ಮರಣ ಪ್ರಮಾಣಪತ್ರಕ್ಕೂ ಒತ್ತಿದ್ದೆ, ಆ ಪತ್ರದಲ್ಲಿ ಅವನ ಹೆಸರು ತಪ್ಪಾಗಿತ್ತು ಎಂದು ಓದಲು ಕಲಿತ ಮೇಲೆ ಗೊತ್ತಾಯಿತು. ನನ್ನ ಹೆಸರು, ಅದರ ಕೆಳಗೆ 'ಉತ್ತೀರ್ಣ', ಮೇಲೊಂದು ಸೀಲು ಇರುವ ಒಂದು ಕಾಗದ ನನಗೆ ಬೇಕಿತ್ತು. ಹದಿನೇಳು ವರ್ಷದ ಹಿಂದೆ ಆ ಕಾಗದ ಬರೆದು ತಿರುಮಲಯ್ಯನ ಕೈಗೆ ಕೊಟ್ಟೆ. ಹರಿಗೋಲು ಸುತ್ತಿತು. ಅವನು ವಾಪಸು ತಂದುಕೊಟ್ಟ. ಪ್ರತಿ ವರ್ಷವೂ ಅದೇ ಕಾಗದದಲ್ಲಿ ವಯಸ್ಸನ್ನು ಮಾತ್ರ ಹೊಡೆದುಹಾಕಿ, ಪಕ್ಕದಲ್ಲಿ ಹೊಸದು ಬರೆದು ಕೊಡುತ್ತಿದ್ದೆ. ಐವತ್ತೆಂಟು, ಐವತ್ತೊಂಬತ್ತು, ಅರವತ್ತು. ಅಂಚಿನಲ್ಲಿ ಜಾಗ ಸಾಲದೆ ಈಚೆಗೆ ಮಡಿಕೆಯ ಮೇಲೆ ಬರೆಯುತ್ತಿದ್ದೆ.

ಅವತ್ತು ಕಲ್ಲುಕುಟಿಗನ ವಂಶದಲ್ಲಿ ಮೂರನೆಯ ತಲೆಮಾರಿಗೆ ಬಂದಿದ್ದೆವು. ಆಗ ಶಾಂತವೀರಪ್ಪ ಮೇಷ್ಟ್ರು ಕೋಲೂರಿಕೊಂಡು ಬಂದು ಜಗಲಿಯ ಅಂಚಿನಲ್ಲಿ ಕೂತರು. ಅವರ ಕೈಯಲ್ಲಿ ಪರೀಕ್ಷೆ ಕಚೇರಿಯಿಂದ ಬಂದ ಒಂದು ಹಾಳೆಯಿತ್ತು.

"ಕೊನೆ ಮೊದಲು ಹೇಳ್ತೀನಮ್ಮ ತಾಯವ್ವ," ಅಂದರು. "ಇದೇ ಕಡೇ ಸಲ. ಮುಂದಿನ ವರ್ಷದಿಂದ ರಾತ್ರಿ ಶಾಲೆಯವರಿಗೆ ಪರೀಕ್ಷೆ ಇಲ್ಲ. ಇವತ್ತು ಹನ್ನೆರಡನೇ ತಾರೀಕು. ಮೂವತ್ತರ ಸಂಜೆ ಟಪಾಲು ಬಸ್ಸಿಗೆ ಕಾಗದ ಹೋಗಿರಬೇಕಂತೆ."

ಕೆಂಪದೇವಮ್ಮ ಕಾಳು ಒತ್ತುವುದನ್ನು ನಿಲ್ಲಿಸಿದಳು. ಯಾರೂ ನನ್ನ ಮುಖ ನೋಡಲಿಲ್ಲ.

"ಮಾಬೂಬಿ," ಅಂದೆ, "ಮುನ್ನುಡಿ ತೆಗಿ."

ನಮ್ಮೂರಿನಲ್ಲಿ ಮುನ್ನುಡಿಯನ್ನು ಎಲ್ಲ ಆದ ಮೇಲೆ ಓದುವುದು ವಾಡಿಕೆ. ಅವಳು ಅನುಮಾನಿಸುತ್ತಲೇ ತೆಗೆದಳು. ಇಂದುಧರ ಎಂದು ಹೆಸರಿಟ್ಟುಕೊಂಡಿದ್ದ ಆ ಲೇಖಕ ಪ್ರತಿ ಸಂಪುಟದಲ್ಲೂ ಬರೆಯುವ ಮಾತೇ ಇಲ್ಲೂ ಇತ್ತು: 'ಓದುಗರಲ್ಲಿ ತಾಳ್ಮೆ ಇರಲಿ. ಮಹಾವೃಕ್ಷ ನಿಧಾನವಾಗಿ ಬೆಳೆಯುತ್ತದೆ.'

"ಬೆಳ್ದಿದ್ರೆ ಇಷ್ಟೊತ್ಗೆ ಕಡ್ದು ತೊಟ್ಲು ಮಾಡ್ಬೋದಾಗಿತ್ತು," ಅಂದಳು ಕೆಂಪದೇವಮ್ಮ.

"ಮುಂದೆ ಓದು."

"'ಇನ್ನು ಒಂಬತ್ತು ಸಂಪುಟಗಳಲ್ಲಿ ಕಥೆಯ ಪೂರ್ವಾರ್ಧ ಸಂಪೂರ್ಣವಾಗುವುದೆಂಬ ಭರವಸೆ ನನಗಿದೆ.'"

ಸೀಮೆಸುಣ್ಣದ ಚೂರು ನನ್ನ ಸೊಂಟದ ಗಂಟಿನಲ್ಲಿ ಯಾವಾಗಲೂ ಇರುತ್ತದೆ. ಜಗಲಿಯ ನೆಲದ ಮೇಲೆ ತ್ರೈರಾಶಿ ಹಾಕಿದೆ. ಪೂರ್ವಾರ್ಧಕ್ಕೆ ಇಪ್ಪತ್ತೆರಡು ಸಂಪುಟ, ಹಾಗಾದರೆ ಇಡೀ ಕಥೆಗೆ ನಲವತ್ತನಾಲ್ಕು. ಹದಿಮೂರು ಆಗಿದೆ, ಮೂವತ್ತೊಂದು ಬಾಕಿ. ಹದಿಮೂರಕ್ಕೆ ಇಪ್ಪತ್ತೊಂದು ವರ್ಷವಾದರೆ ಮೂವತ್ತೊಂದಕ್ಕೆ ಎಷ್ಟು? ಐವತ್ತು ಬಂತು, ಸ್ವಲ್ಪ ಶೇಷ ಉಳಿಯಿತು. ನನ್ನ ಎಪ್ಪತ್ತೈದಕ್ಕೆ ಕೂಡಿಸಿ ಕೆಳಗೆ ಗೆರೆ ಎಳೆದೆ.

ಮೇಷ್ಟ್ರು ಬಗ್ಗಿ ನೋಡಿದರು. "ನೂರಿಪ್ಪತ್ತೈದು. ಲೆಕ್ಕ ಸರಿಯಾಗಿದೆ," ಅಂದರು.

ನಾನು ಮಾಬೂಬಿಯ ಕೈಯಿಂದ ಪುಸ್ತಕ ತೆಗೆದುಕೊಂಡು ಮುಚ್ಚಿದೆ. ನಡುವೆ ಗುರುತಿಗೆ ಕಡ್ಡಿಯನ್ನೂ ಇಡಲಿಲ್ಲ. ಮಾಬೂಬಿ ಎದೆಯ ಮೇಲೆ ಕೈಯಿಟ್ಟುಕೊಂಡಳು.

"ಅರ್ಧಕ್ಕೆ ಮುಚ್ಚಿದ್ಯಲ್ಲಕ್ಕ."

"ನನ್ನ ತಾಳ್ಮೆ ಮುಗೀತು," ಅಂದೆ. "ಇನ್ನು ಕಥೆ ಮುಗಿಸೋದು ನಾನೇ."

"ಇನ್ನೊಬ್ರ ಮನೆ ಸಾರಿಗೆ ನೀನು ಉಪ್ಪಾಕೋದಾ?" ಅಂದಳು ಕೆಂಪದೇವಮ್ಮ.

"ಇಪ್ಪತ್ತೊಂದು ವರ್ಷ ಒಲೆ ಉರಿ ನೋಡ್ಕಂಡಿರೋರು ನಾವು. ಪಾತ್ರೆ ಇಳ್ಸೋಕೆ ನಮ್ಮನ್ನ ಬ್ಯಾಡ ಅನ್ನೋರು ಯಾರು?"

ಅವಳು ಮೇಷ್ಟ್ರ ಕಡೆ ನೋಡಿದಳು. ಮೇಷ್ಟ್ರು ಕೋಲಿನ ತುದಿಯಿಂದ ನೆಲ ಕೆರೆದರು. ಆ ಮೊದಲ ಸಂಪುಟವನ್ನು ತಂದದ್ದು ತಾವೇ ಎಂಬುದನ್ನು ಅವರು ಒಂದು ದಿನವೂ ಮರೆತವರಲ್ಲ. "ಹರಿಗೋಲು ಒಪ್ಪುತ್ತೋ ಇಲ್ಲವೋ ಗೊತ್ತಿಲ್ಲಮ್ಮ. ಯಾರೂ ಮಾಡಿ ನೋಡಿಲ್ಲ," ಅಂದರು. "ಹಾಳೆ ನಾನು ಕೊಡ್ತೀನಿ."

ಮೊದಲ ಸಲ ಅವಸರದಲ್ಲಿ ಕೆಡಿಸಿದೆ. ಅವತ್ತೇ ಕೂತು, ಕೆಂಪದೇವಮ್ಮ ಹೇಳಿಕೊಟ್ಟಂತೆ, ಅರ್ಧ ಹಾಳೆಯಲ್ಲಿ ಭೂಕಂಪ ಮಾಡಿಸಿದೆ. ಕೋಟೆ ಕುಸಿಯಿತು, ಎಲ್ಲರೂ ಸತ್ತರು, ಶುಭಂ. ಮರುದಿನ ಬೆಳಿಗ್ಗೆ ಹದಿನೇಳು ವಯಸ್ಸು ಹೊಡೆದುಹಾಕಿದ್ದ ಆ ಕಾಗದವನ್ನು ತಿರುಮಲಯ್ಯನಿಗೆ ಕೊಟ್ಟೆ.

"ಕೊನೆ ಆಯ್ತೇನವ್ವ?" ಎಂದು ಕೇಳಿದ. ಹತ್ತುವವರನ್ನೆಲ್ಲ ಅವನು ಕೇಳುವ ಮಾತು ಅದೇ.

"ಆಯ್ತು."

ಅವನು ಹುಟ್ಟು ಹಾಕಿದ. ಹರಿಗೋಲು ಎರಡು ಮಾರು ಹೋಗುವಷ್ಟರಲ್ಲಿ ಗರಗರನೆ ಸುತ್ತಿ, ಅವನ ತಲೆಯ ಮೇಲಿನ ಟವೆಲ್ಲನ್ನೂ ಹಾರಿಸಿ, ದಡಕ್ಕೆ ಬಂದು ಬಡಿಯಿತು. ಅವನು ಇಳಿದು ತಲೆ ಹಿಡಿದುಕೊಂಡು ಮರಳಿನ ಮೇಲೆ ಕೂತ.

"ಏನ್ ಮಾಡ್ದೆ ತಾಯವ್ವ ನೀನು?"

"ಎಲ್ರನ್ನೂ ಸಾಯ್ಸಿದೆ."

"ಸಾಯ್ಸಿದ್ರೆ ಮುಗಿಯಲ್ಲ ಕಣವ್ವ. ಸಾವು ಬಂತು ಅಂದ್ರೆ ತಿಥಿ ಐತೆ, ಆಸ್ತಿ ಪಾಲೈತೆ, ಅತ್ತೆ ಸೊಸೆ ಜಗಳ ಐತೆ. ಇನ್ನೂ ಜಾಸ್ತೀನೇ ಆಯ್ತದೆ. ನನ್ ಬೆನ್ನು ನೋಡು, ಹೆಂಗಾಗೈತೆ."

ಅವನು ಹೇಳಿದ್ದು ಸರಿ. ನಾನು ಮನೆಗೆ ಹೋಗಿ ಹದಿಮೂರೂ ಸಂಪುಟಗಳನ್ನು ಸಾಲಾಗಿ ಜೋಡಿಸಿಕೊಂಡೆ. ಕೊನೆಯದರಲ್ಲಿ ಉಳಿದಿದ್ದ ಪುಟಗಳನ್ನು ಮಾಬೂಬಿ ಓದಿ ಮುಗಿಸಿದಳು. ಹದಿನೈದು ದಿನ ಅಡುಗೆಯನ್ನು ಕೆಂಪದೇವಮ್ಮನೇ ಮಾಡಿ ತಂದಳು, ಅದಕ್ಕೆ ತಕ್ಕಷ್ಟು ಬೈದಳು ಕೂಡ. ನಾನು ಬರೆದೆ. ನನ್ನ ಅಕ್ಷರ ದೊಡ್ಡದು, ಹಾಳೆಗೆ ಹತ್ತೇ ಸಾಲು ಹಿಡಿಯುತ್ತದೆ. ಆದರೆ ಬರೆಯಲು ಕೂತ ಮೇಲೆ ಒಂದು ವಿಷಯ ಹೊಳೆಯಿತು: ಇಪ್ಪತ್ತೊಂದು ವರ್ಷದಲ್ಲಿ ಆ ಪುಸ್ತಕದೊಳಗಿನ ಒಬ್ಬರಿಗೂ ಒಂದು ದಿನದ ವಯಸ್ಸೂ ಆಗಿರಲಿಲ್ಲ. ನಮಗೆ ಆಗಿತ್ತಲ್ಲ. ಅವರಿಗೂ ಆಗಲಿ ಎಂದು ಎಲ್ಲರ ವಯಸ್ಸಿಗೂ ಇಪ್ಪತ್ತೊಂದು ಕೂಡಿಸಿದೆ. ಅಲ್ಲಿಂದ ಕಥೆ ತಾನಾಗಿಯೇ ಹೊರಟಿತು.

ಸೇನಾಪತಿ ವಜ್ರಬಾಹು ಬಾಗಿಲು ತಟ್ಟಿದ. ಒಳಗೆ ಒಬ್ಬಳು ಕಸ ಗುಡಿಸುತ್ತಿದ್ದಳು, ಎಲ್ಲರೂ ಹಿಂದಿನ ಮೆಟ್ಟಿಲಿಂದ ಇಳಿದು ಊಟಕ್ಕೆ ಹೋಗಿದ್ದರು. ಅವನೂ ಇಳಿದ. ಹತ್ತಲು ಇಂದುಧರ ಒಂದೂವರೆ ಸಂಪುಟ ಕೊಟ್ಟಿದ್ದರು, ಇಳಿಯಲು ನಾನು ಎರಡು ಸಾಲು ಕೊಟ್ಟೆ. ಕುದುರೆಯನ್ನು ಲಾಯದಿಂದ ಬಿಡಿಸಿ ಹುಲ್ಲುಗಾವಲಿಗೆ ಹೊಡೆದೆ, ಅದು ಓಡಲಿಲ್ಲ, ಮೇಯ್ದಿತು. ನಾಲ್ಕನೆಯ ಸಂಪುಟದ ಊಟಕ್ಕೆ ಕೂತವರಿಗೆಲ್ಲ ಪಾಯಸ ಬಡಿಸಿ ಕೈ ತೊಳೆಸಿದೆ. ನಲವತ್ತೆರಡು ಬಾವುಟಗಳನ್ನು ಇಳಿಸಿ ಒಗೆದು ಮಡಿಸಿಟ್ಟೆ. ತಮೋಕೇತು ಕೊನೆಗೂ ಬಂದ. ಬಂದವನಿಗೆ ಮಂಡಿನೋವು, ರಥದಿಂದ ಇಳಿಯಲಾಗಲಿಲ್ಲ. ಯಾಕೆ ಬಂದೆ ಎಂದು ಕೇಳಿದರೆ ಅವನಿಗೇ ನೆನಪಿರಲಿಲ್ಲ. ಅವನ ನೆರಳಿನ ಸೈನ್ಯ ಮಧ್ಯಾಹ್ನವಾಗುತ್ತ ಚಿಕ್ಕದಾಗಿ, ನೆತ್ತಿಯ ಬಿಸಿಲಿಗೆ ಅವರವರ ಕಾಲಡಿಗೇ ಸೇರಿಹೋಯಿತು.

ರಾಜಕುಮಾರಿಯ ಹತ್ತಿರ ಬಂದಾಗ ಕೈ ನಿಂತಿತು. ಅವಳಿಗೀಗ ನಲವತ್ತು. ಕೈ ಎತ್ತಿಕೊಂಡೇ ಇದ್ದಾಳೆ.

"ಮದ್ವೆ ಮಾಡಕ್ಕ, ಪಾಪ," ಅಂದಳು ಮಾಬೂಬಿ.

"ಇಪ್ಪತ್ತೊಂದು ವರ್ಷ ಕತ್ತು ಬಗ್ಸದೆ ನಿಂತಿದ್ದೋನು ಗಂಡಾ ಅವ್ನು?" ಅಂದಳು ಕೆಂಪದೇವಮ್ಮ. "ಬಿಸಾಕಿ ಬರ್ಲಿ."

ಇಬ್ಬರೂ ಎರಡು ದಿನ ಮಾತು ಬಿಟ್ಟರು. ನಾನು ಮೊದಲು ಅವಳ ಕೈ ಇಳಿಸಿದೆ. ಭುಜಕ್ಕೆ ಹರಳೆಣ್ಣೆ ಹಚ್ಚಿಸಿ ಬಿಸಿನೀರು ಹುಯ್ಯಿಸಿದೆ. ಒಂದು ವಾರ ಮಲಗಿಸಿದೆ. ಎದ್ದ ಮೇಲೆ ಅವಳು ತಾನೇ ಹೂ ಕಿತ್ತು ಹೊಸ ಹಾರ ಕಟ್ಟಿ, ರಾಜಕುಮಾರನನ್ನು ಬಗ್ಗು ಅಂದಳು. ಅವನು ಬಗ್ಗಿದ. ಹಾಕಿದಳು. ಅದನ್ನು ಸಿದ್ದಾಜಮ್ಮನಿಗೋಸ್ಕರ ಹಾಕಿಸಿದೆ. ಕೆಂಪದೇವಮ್ಮನಿಗೆ ಹಾಗೆಂದು ಹೇಳಿದಾಗ ಅವಳು ಮತ್ತೆ ತಕರಾರು ಮಾಡಲಿಲ್ಲ.

ಮೂವತ್ತನೆಯ ತಾರೀಕು ಮಧ್ಯಾಹ್ನ ಒಂಬತ್ತು ಜನರೂ ಹೊಳೆಯ ದಡಕ್ಕೆ ಹೋದೆವು. ಮೇಷ್ಟ್ರನ್ನು ಎತ್ತಿನ ಗಾಡಿಯಲ್ಲಿ ಕೂರಿಸಿಕೊಂಡು ಬಂದಿದ್ದರು. ಬಂಡೆಯ ಮೇಲೆ ಕೂತು ನಾನು ಬರೆದದ್ದನ್ನೆಲ್ಲ ಓದಿದೆ. ಈ ಸಲ ಮೊದಲಿನಿಂದ ಕೊನೆಗೆ ಓದಿದೆ, ಕೊನೆ ಇದೆ ಎಂದು ಎಲ್ಲರಿಗೂ ಗೊತ್ತಿತ್ತಲ್ಲ. ತಮೋಕೇತುವಿನ ಮಂಡಿಯ ಹತ್ತಿರ ಬಂದಾಗ ಮೇಷ್ಟ್ರು ತಮ್ಮ ಮಂಡಿ ಸವರಿಕೊಂಡು ನಕ್ಕರು. ಹಾರ ಬಿದ್ದಾಗ ಯಾರೋ ಮೂಗು ಸೆಳೆದರು. ಓದಿ ಮುಗಿಸಿ ಎದ್ದಾಗ ಸೂರ್ಯ ಇಳಿಯುತ್ತಿದ್ದ, ಆಚೆ ದಡದಲ್ಲಿ ಟಪಾಲು ಬಸ್ಸು ಬಂದು ನಿಂತಿತ್ತು.

ಕಾಗದವನ್ನು ಹೊಸದಾಗಿ ಬರೆದುಬಿಡು, ಇಷ್ಟೊಂದು ಹೊಡೆದುಹಾಕಿದ್ದು ಚೆನ್ನಾಗಿ ಕಾಣುವುದಿಲ್ಲ ಎಂದು ಮೇಷ್ಟ್ರು ಹೇಳಿದ್ದರು. ನಾನು ಒಪ್ಪಲಿಲ್ಲ. ಎಪ್ಪತ್ನಾಲ್ಕನ್ನು ಹೊಡೆದು ಪಕ್ಕದಲ್ಲಿ ಬರೆದಿದ್ದ ಎಪ್ಪತ್ತೈದನ್ನು ಹಾಗೇ ಬಿಟ್ಟೆ, ಅಷ್ಟೇ. ಅದರಲ್ಲಿ ಇದ್ದದ್ದು ನಾಲ್ಕೇ ಸಾಲು: 'ಮಾನ್ಯರೇ, ನನ್ನ ಹೆಸರು ಚಿಕ್ಕತಾಯಮ್ಮ. ನಾನು ರಾತ್ರಿ ಶಾಲೆಯಲ್ಲಿ ಓದಿದವಳು. ಏಳನೆಯ ತರಗತಿಯ ಪರೀಕ್ಷೆಗೆ ಕೂರಲು ಅಪ್ಪಣೆ ಬೇಕು. ಖಂಡಿತ ಬರುತ್ತೇನೆ.'

"ಕೊನೆ ಆಯ್ತೇನವ್ವ?" ಅಂದ ತಿರುಮಲಯ್ಯ. ಈ ಸಲ ಟವೆಲ್ಲನ್ನು ಗದ್ದದ ಕೆಳಗೆ ಗಂಟು ಹಾಕಿಕೊಂಡಿದ್ದ.

"ಆಯ್ತು."

ಹರಿಗೋಲು ಹೊರಟಿತು. ಎರಡು ಮಾರು, ನಾಲ್ಕು ಮಾರು. ಸುತ್ತಲಿಲ್ಲ. ಮಾಬೂಬಿ ನನ್ನ ತೋಳು ಹಿಡಿದುಕೊಂಡಳು. ಹೊಳೆಯ ನಡುಮಧ್ಯಕ್ಕೆ ಹೋಗಿ ಹರಿಗೋಲು ಅರ್ಧ ಸುತ್ತು ತಿರುಗಿ ನಿಂತುಬಿಟ್ಟಿತು. ಮುಂದೂ ಇಲ್ಲ, ಹಿಂದೂ ಇಲ್ಲ. ನೀರು ಅದರ ಎರಡೂ ಕಡೆ ಹರಿದುಹೋಗುತ್ತಿತ್ತು.

ತಿರುಮಲಯ್ಯ ಹುಟ್ಟು ಒತ್ತಿ ನೋಡಿ, ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದ. "ಒಬ್ರು ಉಳ್ಕಂಡವ್ರೆ ಕಣವ್ವ. ಒಬ್ರೇ. ಭಾರ ಜಾಸ್ತಿ ಇಲ್ಲ."

ಆಚೆ ದಡದಲ್ಲಿ ಬಸ್ಸಿನ ಇಂಜಿನ್ನು ಶುರುವಾದದ್ದು ನೀರಿನ ಮೇಲೆ ಕೇಳಿಸಿತು.

"ಆ ಕಲ್ಲುಕುಟಿಗನ ಮನೇವ್ರು ಇರ್ಬೇಕು," ಅಂದಳು ಕೆಂಪದೇವಮ್ಮ.

"ಅವ್ರ ವಂಶ ಆ ನಲವತ್ತು ಪುಟ್ದಲ್ಲೇ ಮುಗ್ದೈತಕ್ಕ," ಅಂದಳು ಮಾಬೂಬಿ.

ಒಬ್ಬೊಬ್ಬರೂ ಒಂದೊಂದು ಹೆಸರು ಹೇಳತೊಡಗಿದರು. ಮಂತ್ರಿ, ಮಂತ್ರಿಯ ತಮ್ಮ, ಆನೆ, ಜೋಯಿಸ. ಎಲ್ಲರದ್ದೂ ಆಗಿತ್ತು. ನಾನು ಕಣ್ಣು ಮುಚ್ಚಿದೆ. ಓದಲು ಕಲಿತ ದಿನದಿಂದ ನಾನು ಬೆರಳಿಟ್ಟು ಒಂದೊಂದೇ ಅಕ್ಷರ ಸರಿಸಿ ಓದುವವಳು. ಬೇರೆಯವರು ಕಣ್ಣಾಡಿಸಿ ದಾಟುವ ಸಾಲನ್ನೂ ನಾನು ನಡೆದೇ ದಾಟಬೇಕು. ಸೆರಗಿನ ಅಂಚಿನ ಮೇಲೆ ಬೆರಳಿಟ್ಟು ಮೊದಲ ಸಂಪುಟದ ಮೊದಲ ಪುಟದಿಂದ ಸರಿಸತೊಡಗಿದೆ. ಕೋಟೆಯ ಬಾಗಿಲು, ಅಂಗಳ, ಮದುವೆಯ ತಯಾರಿ. ಅರವತ್ತೊಂದನೆಯ ಪುಟದಲ್ಲಿ ಬೆರಳು ನಿಂತಿತು. ಅಲ್ಲಿ ರಾಣಿಗೆ ಬಾಯಾರಿಕೆಯಾಗುತ್ತದೆ. ಪಕ್ಕದಲ್ಲಿದ್ದ ಆಳುಹೆಣ್ಣಿಗೆ, 'ನೀರು ತಾ, ಬೇಗ ಬಾ' ಅನ್ನುತ್ತಾಳೆ.

ಅವಳಿಗೆ ಹೆಸರಿಲ್ಲ. 'ಅವಳು ಕೊಡ ಎತ್ತಿಕೊಂಡು ಹೊರಟಳು' ಎಂದು ಒಂದು ಸಾಲಿದೆ. ಹದಿಮೂರು ಸಂಪುಟದಲ್ಲಿ ಆ ನೀರು ಬರಲೇ ಇಲ್ಲ. ರಾಣಿಯೂ ಕೇಳಲಿಲ್ಲ, ಬರೆದವರೂ ಕೇಳಲಿಲ್ಲ, ನಾನೂ ಬಾವುಟ ಮಡಿಸುವ ಗಡಿಬಿಡಿಯಲ್ಲಿ ಅವಳನ್ನು ಬಿಟ್ಟುಬಿಟ್ಟಿದ್ದೆ.

ನಾನು ನೀರಿಗೆ ಇಳಿದೆ. ಮಂಡಿಯವರೆಗೆ ಇಳಿದು ನಿಂತು ಕೂಗಿದೆ.

"ನೀರಿಗೆ ಹೋದೋಳು ಕೊಡ ತುಂಬ್ಕಂಡು ಬಂದ್ಲು."

ನನ್ನ ದನಿ ಅಷ್ಟು ದೂರ ಹೋಗಲಿಲ್ಲ. ತಿರುಮಲಯ್ಯ ಕಿವಿಗೆ ಕೈಯಿಟ್ಟು ಕೇಳಿಸಲಿಲ್ಲ ಎಂದು ತಲೆ ಅಲ್ಲಾಡಿಸಿದ. ಆಗ ಕೆಂಪದೇವಮ್ಮ ನನ್ನ ಪಕ್ಕಕ್ಕೆ ಇಳಿದು ನಿಂತಳು, ಬೀಗರನ್ನು ಬೈದು ಪಳಗಿದ ಗಂಟಲು ಅವಳದು. "ಕೊಡ ತುಂಬ್ಕಂಡು ಬಂದ್ಲು," ಎಂದು ಕೂಗಿದಳು. ಉಳಿದವರೂ ಒಬ್ಬೊಬ್ಬರಾಗಿ ಇಳಿದರು. ನಾನು ಒಂದು ಸಾಲು ಹೇಳುವುದು, ಎಲ್ಲರೂ ಸೇರಿ ಅದನ್ನೇ ಕೂಗುವುದು.

"ಕೋಟೆ ಬಾಗಿಲು ಹಾಕಿತ್ತು."

"ಒಳಗೆ ಬಾವುಟ ಎಣಿಸ್ತಿದ್ರು, ಯಾರೂ ತೆಗೀಲಿಲ್ಲ."

"ಅವಳು ಮೂರು ಸಲ ಕೂಗಿದ್ಲು."

"ನಾಲ್ಕನೇ ಸಲ ಕೂಗಲಿಲ್ಲ."

ಹರಿಗೋಲು ಅಲುಗಿತು. ತಿರುಮಲಯ್ಯ ಹುಟ್ಟು ಕೈಗೆತ್ತಿಕೊಂಡ.

"ನೀರು ತಾನೇ ಕುಡಿದ್ಲು. ಉಳಿದಿದ್ದನ್ನ ಬಾಗಿಲ ಪಕ್ಕದ ಗಿಡಕ್ಕೆ ಹುಯ್ದು, ಖಾಲಿ ಕೊಡ ಸೊಂಟಕ್ಕೆ ಇಟ್ಕಂಡು ತನ್ನೂರಿಗೆ ಹೋದ್ಲು. ಕಾಯಲಿಲ್ಲ. ಮುಗೀತು."

"ಮುಗೀತು," ಎಂದು ಒಂಬತ್ತು ಜನರೂ ಕೂಗಿದೆವು. ಹಿಂದೆ ಗಾಡಿಯ ಮೇಲಿಂದ ಮೇಷ್ಟ್ರು ಕೂಗಿದ್ದೂ ಕೇಳಿಸಿತು, ಅವರ ದನಿ ಒಂದು ಗಳಿಗೆ ತಡವಾಗಿ ಬಂತು.

ಹರಿಗೋಲು ಸುತ್ತುವುದನ್ನೇ ಮರೆತಂತೆ ನೆಟ್ಟಗೆ ಹೊರಟಿತು. ಅಷ್ಟು ನೆಟ್ಟಗೆ ಯಾವ ಹರಿಗೋಲೂ ಹೋದದ್ದನ್ನು ನಾನು ನೋಡಿಲ್ಲ, ತಿರುಮಲಯ್ಯ ಹುಟ್ಟು ಹಾಕುತ್ತಿದ್ದನೋ ಸುಮ್ಮನೆ ಹಿಡಿದುಕೊಂಡಿದ್ದನೋ ಹೇಳಲಾರೆ. ಮಾಬೂಬಿ ಸೀರೆ ಹಿಂಡುತ್ತಲೇ ದಡ ಹತ್ತಿ ಬಳೆಯ ಬುಟ್ಟಿ ಎತ್ತಿಕೊಂಡಳು. "ವಾಪಸ್ ಬರೋಕೆ ಎಷ್ಟೊತ್ತಾಯ್ತದೆ? ಇವತ್ತೇ ಹೋಗಿ ಆ ಸೇಠಿನ ಮುಖದ ಮೇಲೆ ಈ ಬೂದಿ ಬಳೆ ಸುರೀತೀನಿ," ಅಂದಳು. ಕೆಂಪದೇವಮ್ಮ ನೀರಲ್ಲೇ ನಿಂತಿದ್ದಳು. "ನನಗಿನ್ನು ಬೀಗರ ಮನೆಗೆ ಹೋಗ್ದೆ ಇರೋಕೆ ನೆಪಾನೇ ಇಲ್ವಲ್ಲೇ ತಾಯವ್ವ," ಎಂದು ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಅವಳು ನಗುತ್ತಿದ್ದಳು.

ಆ ಇಂದುಧರರಿಗೂ ಒಂದು ಕಾಗದ ಬರೆದು ತಿಳಿಸಬೇಕಲ್ಲವೇ ಎಂದು ಮೇಷ್ಟ್ರು ಕೇಳಿದರು.

"ಅವ್ರು ನಿಧಾನದೋರು ಮೇಷ್ಟ್ರೆ," ಅಂದೆ. "ಬರ್ದು ಮುಗಿಸ್ಕಂಡು ಈ ಕಡೆ ಬಂದ್ರೆ ಹೇಳಾಣ."

ಬಸ್ಸು ಹಾರ್ನ್ ಹೊಡೆದು ಅಲುಗಿತು. ಹರಿಗೋಲು ದಡ ಮುಟ್ಟಲು ಇನ್ನೂ ಎರಡು ಮಾರು ಇತ್ತು. ತಿರುಮಲಯ್ಯ ಕಾಗದವನ್ನು ಹಲ್ಲಲ್ಲಿ ಕಚ್ಚಿಕೊಂಡು ನೀರಿಗೆ ಧುಮುಕಿದ. ಎದೆಮಟ್ಟದ ನೀರಿನಲ್ಲಿ ನಡೆದು, ದಡ ಹತ್ತಿ, ಬಸ್ಸಿನ ಮುಂದೆ ಎರಡೂ ಕೈ ಚಾಚಿ ನಿಂತ. ಕಂಡಕ್ಟರು ಇಳಿದು ಬಂದು ಏನೋ ಬೈದಂತೆ ಕಾಣಿಸಿತು. ತಿರುಮಲಯ್ಯ ಕಾಗದ ಕೊಟ್ಟ. ಕಂಡಕ್ಟರು ಅದನ್ನು ತಿರುಗಿಸಿ ತಿರುಗಿಸಿ ನೋಡಿದ, ಆಮೇಲೆ ತಲೆಯೆತ್ತಿ ನಾವಿದ್ದ ದಡದ ಕಡೆ ನೋಡಿದ. ಟಪಾಲು ಚೀಲದ ಬಾಯಿ ಬಿಚ್ಚಿ ಒಳಗೆ ಹಾಕಿದ, ಕಟ್ಟಿದ, ಹತ್ತಿ ಬಾಗಿಲು ಎಳೆದುಕೊಂಡ. ಬಸ್ಸು ಹೊರಟಿತು.